ಮಿಂಚುಳ್ಳಿ ಹಿಡಿಯುವ ಪಾಠ

ಅವರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳಬೇಕು ಎಂದೂ ಅನ್ನಿಸಿಲ್ಲ. ಇದನ್ನು ಓದಿ ಯಾರಾದರೂ ನನ್ನನ್ನು ಹಗೆ ಸಾಧಿಸುವ ಹೆಂಗಸು ಎಂದರೆ ಅನ್ನಲಿ, ತಪ್ಪೇನಿಲ್ಲ.

ನಾನು ಮಾಲೂರಿನ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲೆ ಟೀಚರು. ಅಣ್ಣ ಹೊಸ ಕ್ಯಾಮೆರಾ ತೆಗೆದುಕೊಂಡಾಗ ಹಳೆಯದನ್ನು ನನಗೆ ಕೊಟ್ಟ. ಅದನ್ನು ಹಿಡಿಯುವುದು ಹೇಗೆಂದು ಕಲಿಯಲು ಕೋಲಾರದ ಫೋಟೋ ಕ್ಲಬ್ಬಿಗೆ ಸೇರಿದೆ. ಟ್ಯೂಷನ್ ನಡೆಯುವ ಒಂದು ಮಹಡಿಯ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಎಲ್ಲರೂ ಸೇರುತ್ತಿದ್ದೆವು. ಮುಳಬಾಗಿಲಿನಿಂದ, ಶ್ರೀನಿವಾಸಪುರದಿಂದ, ವೇಮಗಲ್‌ನ ಫ್ಯಾಕ್ಟರಿ ಕಡೆಯಿಂದ ಜನ ಬರುತ್ತಿದ್ದರು. ಗೊತ್ತಿದ್ದದ್ದನ್ನು ಗೊತ್ತಿಲ್ಲದವರಿಗೆ ಹೇಳಿಕೊಡಬೇಕು ಎನ್ನುವುದೊಂದೇ ಅಲ್ಲಿಯ ನಿಯಮ.

ಆ ನಿಯಮ ಮಾಡಿದವರೇ ಕ್ಲಬ್ಬಿನ ಅಧ್ಯಕ್ಷರು. ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿ ನಿವೃತ್ತರಾಗಿದ್ದರು. ನಾವೆಲ್ಲ ಸರ್ ಅನ್ನುತ್ತಿದ್ದೆವು. ಹಾಲ್‌ನ ಗೋಡೆಯ ಮೇಲೆ ಅವರು ತೆಗೆದ ಮಿಂಚುಳ್ಳಿಯ ದೊಡ್ಡ ಚಿತ್ರ ತೂಗುಹಾಕಿದ್ದರು. ರೆಕ್ಕೆ ಮಡಚಿ, ಕೊಕ್ಕು ನೀರಿಗೆ ತಾಗಿದ ಆ ಕ್ಷಣ. ಹೊಸದಾಗಿ ಬಂದವರೆಲ್ಲ ಮೊದಲು ಅದರ ಮುಂದೆ ನಿಲ್ಲುತ್ತಿದ್ದರು. ನಾನೂ ನಿಂತಿದ್ದೆ. ಹೇಗೆ ತೆಗೆದಿರಿ ಎಂದು ಕೇಳಿದರೆ ಸರ್ ನಗುತ್ತಿದ್ದರು. "ತಾಳ್ಮೆ ಬೇಕಮ್ಮಾ. ಕೆರೆ ಏರಿ ಮೇಲೆ ತಿಂಗಳುಗಟ್ಟಲೆ ಬಿದ್ಕೊಂಡಿದ್ದೆ."

ಅವರು ನನಗೆ ಕೆಟ್ಟದಾಗಿ ನಡೆದುಕೊಂಡವರಲ್ಲ, ಅದನ್ನೂ ಹೇಳಬೇಕು. ರಾಯಲ್ಪಾಡಿನ ಮಾವಿನ ತೋಪಿಗೆ ಹೋಗುವಾಗ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಅವರ ಮನೆಯಾಕೆ ನನಗೂ ಸೇರಿಸಿ ಚಿತ್ರಾನ್ನ ಕಟ್ಟಿಕೊಡುತ್ತಿದ್ದರು. ಬೆಳಕನ್ನು ಬೆನ್ನಿಗೆ ಹಾಕಿಕೊಳ್ಳಬೇಡ, ಪಕ್ಕಕ್ಕೆ ತಗೋ ಎಂದು ಹೇಳಿಕೊಟ್ಟವರು ಅವರೇ. ನಂಬಿಕೆ ಬಂದದ್ದು ಹೀಗೆ.

ಮಾಲೂರಿನಲ್ಲಿ ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಮುಚ್ಚಿಹೋದ ಒಂದು ಹೆಂಚಿನ ಕಾರ್ಖಾನೆ ಇದೆ. ಅದರ ಕಾವಲುಗಾರನ ಮಗಳು ನನ್ನ ವಿದ್ಯಾರ್ಥಿನಿ. ಹಾಗಾಗಿ ನನ್ನನ್ನು ಒಳಗೆ ಬಿಡುತ್ತಿದ್ದ. ಹಸಿ ಹೆಂಚು ಒಣಗಿಸುತ್ತಿದ್ದ ಅಟ್ಟದ ಮೂಲೆಯಲ್ಲಿ ಒಂದು ಜೋಡಿ ಕಣಜ ಗೂಬೆ ಗೂಡು ಮಾಡಿದ್ದವು. ಬಿಳಿ ಮುಖ, ಕೊಯ್ದ ಸೇಬಿನ ಹೋಳಿನಂಥ ಮುಖ. ಗೂಬೆ ಅಪಶಕುನ ಎಂದು ಊರಿನವರು ಆ ಕಡೆ ಸುಳಿಯುತ್ತಿರಲಿಲ್ಲ. ನನಗೆ ಅದೇ ಅನುಕೂಲವಾಗಿತ್ತು. ಶಾಲೆ ಬಿಟ್ಟ ಮೇಲೆ ಹೋಗಿ ಅಟ್ಟದ ಕೆಳಗೆ ಸುಮ್ಮನೆ ಕೂರುತ್ತಿದ್ದೆ. ಮೊದಮೊದಲು ಹಾರಿಹೋಗುತ್ತಿದ್ದ ಹಕ್ಕಿಗಳು ಬರಬರುತ್ತಾ ನನ್ನನ್ನು ಕಂಬವೋ ತೊಲೆಯೋ ಎನ್ನುವಂತೆ ನೋಡತೊಡಗಿದವು. ಮರಿಗಳಾದವು. ಹಸಿವಾದಾಗ ಮರಿಗಳು ಕುಕ್ಕರಿನ ಹಬೆ ಹೋದಂತೆ ಉಸ್ ಎನ್ನುತ್ತಿದ್ದವು. ನಾನು ತೆಗೆದ ಚಿತ್ರಗಳೆಲ್ಲ ಕಪ್ಪು ಕಪ್ಪು. ಬೆಳಕು ಸಾಲುತ್ತಿರಲಿಲ್ಲ. ಅವು ಬೆದರುತ್ತವೆ ಎಂದು ಫ್ಲ್ಯಾಶ್ ಹಾಕಲು ಮನಸ್ಸು ಬರಲಿಲ್ಲ.

ಕ್ಲಬ್ಬಿನ ನಿಯಮದಂತೆ ಸರ್ ಅವರನ್ನೇ ಕೇಳಿದೆ, ಕಡಿಮೆ ಬೆಳಕಿನಲ್ಲಿ ಏನು ಮಾಡಲಿ ಎಂದು. ಎಲ್ಲಿ, ಏನು ಎಂದು ಕೇಳಿದರು. ಹೇಳಿದೆ. ಒಂದು ಸಂಜೆ ಕರೆದುಕೊಂಡು ಹೋಗಿ ತೋರಿಸಿಯೂ ಬಂದೆ. "ಯಾರಿಗೂ ಹೇಳ್ಬೇಡಿ ಸರ್" ಎಂದಾಗ ನನ್ನ ತಲೆಯ ಮೇಲೆ ಕೈಯಿಟ್ಟು, "ನಾನೇನು ಹುಡುಗನೇನಮ್ಮ" ಎಂದರು.

ಆಮೇಲೆ ಪರೀಕ್ಷೆಯ ಕೆಲಸ ಬಂದು ಒಂದು ವಾರ ಆ ಕಡೆ ಹೋಗಲಾಗಲಿಲ್ಲ. ಹೋದಾಗ ಅಟ್ಟದ ಮೇಲೆ ಹಾಡಹಗಲಿನ ಬಿಸಿಲು ಬಿದ್ದಿತ್ತು. ಗೂಡಿನ ಮೇಲಿನ ಹೆಂಚುಗಳನ್ನು ಯಾರೋ ತೆಗೆದು ಓರಣವಾಗಿ ಪಕ್ಕಕ್ಕೆ ಜೋಡಿಸಿಟ್ಟಿದ್ದರು. ದೊಡ್ಡ ಹಕ್ಕಿಗಳಿರಲಿಲ್ಲ. ಕಾಗೆಗಳು ತಮ್ಮ ಕೆಲಸ ಮುಗಿಸಿದ್ದವು. ಒಂದು ಮರಿಯ ರೆಕ್ಕೆ ತೊಲೆಗೆ ಅಂಟಿಕೊಂಡಿತ್ತು.

ಕಾವಲುಗಾರ ತಲೆ ಕೆರೆದುಕೊಂಡ. "ನಿಮ್ ಸಾರೇ ಬಂದಿದ್ದು ಮೇಡಮ್ಮೋರೇ. ಜೊತೇಲಿ ಲೈಟು, ಏಣಿ ಎಲ್ಲಾ ತಂದಿದ್ರು. ಮೇಡಂ ಕಳ್ಸಿದ್ರು ಅಂದ್ರು. ಅದ್ಕೇ ಬಿಟ್ಟೆ."

ಬೇರೆ ಯಾವುದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ನನ್ನ ಹೆಸರು ಹೇಳಿ ಒಳಗೆ ಹೋದರಲ್ಲ, ಅದನ್ನು ನುಂಗಲಾಗಲಿಲ್ಲ. ಅಲ್ಲೇ ನಿಂತು ಎಲ್ಲದರ ಫೋಟೋ ತೆಗೆದೆ. ತೆರೆದ ಮಾಡು, ಜೋಡಿಸಿದ ಹೆಂಚು, ತೊಲೆಯ ಮೇಲಿನ ರೆಕ್ಕೆ. ಬೆಳಕು ಬೇಕಾದಷ್ಟಿತ್ತು.

ಸ್ವಲ್ಪ ದಿನಕ್ಕೆ ಸರ್ ಅವರ ಗೂಬೆಯ ಚಿತ್ರಕ್ಕೆ ಎಲ್ಲೋ ದೊಡ್ಡ ಬಹುಮಾನ ಬಂತು. ತಾಯಿಹಕ್ಕಿ ಇಲಿ ಕಚ್ಚಿಕೊಂಡು ಮರಿಗಳ ಮುಂದೆ ಇಳಿಯುತ್ತಿತ್ತು. ಚಿತ್ರ ಚೆನ್ನಾಗಿತ್ತು, ಅದು ಇನ್ನೂ ಉರಿಸಿತು. ಕ್ಲಬ್ಬಿನಲ್ಲಿ ಶಾಲು ಹೊದಿಸಿದರು. ವರ್ಷಗಟ್ಟಲೆ ಹುಡುಕಿ ಈ ಗೂಡು ಪತ್ತೆ ಮಾಡಿದೆ ಎಂದು ಭಾಷಣ ಮಾಡಿದರು. ನಾನು ಎದ್ದು ನಿಂತು, "ಸರ್, ಆ ಗೂಡು ನಾನು ತೋರ್ಸಿದ್ದು. ನೀವು ಹೆಂಚು ತೆಗೆದ ಮೇಲೆ ಮರಿಗಳು ಸತ್ತವು" ಎಂದೆ. ಸರ್ ಒಂದು ಚೂರೂ ಗಲಿಬಿಲಿಗೊಳ್ಳಲಿಲ್ಲ. "ಮೇಡಂಗೆ ಬಹುಮಾನ ತಪ್ಪಿತಲ್ಲಾ ಅಂತ ಬೇಜಾರು. ಗೂಬೆ ಅವರ ಮನೇಲಿ ಸಾಕಿದ್ದಲ್ಲವಲ್ಲ" ಎಂದರು. ಎಲ್ಲರೂ ನಕ್ಕರು. ಆ ನಗು ಎಷ್ಟೋ ದಿನ ಅಡುಗೆ ಮಾಡುವಾಗಲೂ ನನ್ನ ಕಿವಿಯಲ್ಲಿತ್ತು.

ನಗದವರು ಒಬ್ಬರೇ. ಮುಳಬಾಗಿಲಿನಲ್ಲಿ ಗಾಜು ಕತ್ತರಿಸಿ ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ ಇಟ್ಟಿರುವ ಭಾಯ್. ಕ್ಲಬ್ಬಿಗೆ ನಾನು ಸೇರುವ ಮೊದಲಿನಿಂದಲೂ ಬರುತ್ತಿದ್ದವರು. ಮುಂದಿನ ವಾರ ಅವರ ಅಂಗಡಿಗೆ ಹೋಗಿ ಮಾಲೂರಿನಲ್ಲಿ ತೆಗೆದ ಚಿತ್ರಗಳನ್ನು ತೋರಿಸಿದೆ. ಅವರು ಗಾಜು ಕೊಯ್ಯುತ್ತಿದ್ದುದನ್ನು ನಿಲ್ಲಿಸಿ ಬಹಳ ಹೊತ್ತು ನೋಡಿದರು.

"ಅಕ್ಕಾ, ಒಂದು ಮಾತು ಹೇಳ್ತೀನಿ. ಗಿರಾಕಿ ವಿಷ್ಯ ಅಂತ ಯಾರ ಹತ್ರಾನೂ ಆಡಿಲ್ಲ. ಆ ಮಿಂಚುಳ್ಳಿ ಇದೆಯಲ್ಲ, ಅದು ಕೆರೇಲಿ ಮೀನು ಹಿಡಿದಿದ್ದಲ್ಲ. ಮೊಮ್ಮಗಳಿಗೆ ಮೀನು ಸಾಕೋಕೆ ಅಂತ ಸರ್ ನನ್ ಹತ್ರ ಗಾಜಿನ ತೊಟ್ಟಿ ಮಾಡಿಸ್ಕೊಂಡ್ರು. ವಕ್ಕಲೇರಿ ಹತ್ರ ಅವರ ತೋಟಕ್ಕೆ ನಾನೇ ಹಾಕ್ಕೊಂಡು ಹೋಗಿ ಕೊಟ್ಟೆ. ಇನ್ನೊಂದ್ ಸಲ ಹೋದಾಗ ನೋಡ್ತೀನಿ, ತೊಟ್ಟಿ ಹೊಂಡದ ನೀರೊಳಗೆ ಕೂತಿದೆ. ಒಳಗೆ ಮೀನು ತುಂಬಿದಾರೆ. ಮೇಲೊಂದು ಕೊಂಬೆ ನೆಟ್ಟಿದಾರೆ. ನೀರಲ್ಲಿ ಗಾಜು ಕಾಣಲ್ಲ ನೋಡಿ. ಹಕ್ಕಿ ದಿನಾ ಅಲ್ಲಿಗೇ ಬೀಳತ್ತೆ, ಕ್ಯಾಮೆರಾ ಅಲ್ಲಿಗೇ ಇಟ್ಟಿರ್ತಾರೆ."

ನನಗೆ ಆ ಕ್ಷಣ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಹಸಿದವಳ ಎದುರು ಎಲೆ ಹಾಕಿದಂತಾಯಿತು. "ನನಗೂ ಅಂಥದ್ದೇ ಒಂದು ತೊಟ್ಟಿ ಮಾಡಿಕೊಡಿ ಭಾಯ್" ಎಂದೆ.

"ನಕ್ಕೋ ಅಕ್ಕಾ, ಬೇಡ. ಜಗಳ ಯಾಕೆ?"

"ಜಗಳ ಆಡಲ್ಲ. ಪಾಠ ಮಾಡ್ತೀನಿ."

ಕ್ಲಬ್ಬಿನಲ್ಲಿ ಸದಸ್ಯರು ಸರದಿಯ ಮೇಲೆ ಒಂದೊಂದು ವಿಷಯ ಹೇಳಿಕೊಡುವುದಿತ್ತು. ನನ್ನ ಸರದಿಗೆ "ಮಿಂಚುಳ್ಳಿ ಹಿಡಿಯುವುದು ಹೇಗೆ" ಎಂದು ವಿಷಯ ಕೊಟ್ಟೆ. ನಾನು ರಾಜಿಗೆ ಬಂದೆ ಎಂದುಕೊಂಡರೋ ಏನೋ, ಸರ್ ಖುಷಿಯಿಂದ ಮುಂದಿನ ಸಾಲಿನಲ್ಲಿ ಕೂತರು. ಚಿತ್ರಕಲೆ ಟೀಚರಿಗೆ ಕಾಗದದ ಹಕ್ಕಿ ಮಾಡುವುದು ದೊಡ್ಡ ಕೆಲಸವಲ್ಲ. ಹಳೆಯ ಪೇಪರು, ಮೈದಾ ಅಂಟು, ನೀಲಿ ಬಣ್ಣ. ಆದರೂ ಆ ಹಕ್ಕಿಯ ಒಂದೊಂದು ಗರಿಯನ್ನೂ ಹಲ್ಲು ಕಚ್ಚಿಕೊಂಡೇ ಬರೆದಿದ್ದೆ.

ಮೇಜಿನ ಮೇಲೆ ತೊಟ್ಟಿಯಿಟ್ಟು ನೀರು ತುಂಬಿದೆ. ಅಕ್ವೇರಿಯಂ ಅಂಗಡಿಯಿಂದ ತಂದ ಮೀನು ಬಿಟ್ಟೆ. ಹಕ್ಕಿಯನ್ನು ದಾರದಲ್ಲಿ ಮೇಲಿನಿಂದ ಇಳಿಬಿಟ್ಟು, ಅದು ಬೀಳುವ ಜಾಗಕ್ಕೆ ಮೊದಲೇ ಫೋಕಸ್ ಮಾಡಿದೆ. ಫ್ಲ್ಯಾಶ್ ಎಲ್ಲಿಡಬೇಕು, ಎಷ್ಟು ದೂರ, ಎಲ್ಲವನ್ನೂ ಬಿಡಿಸಿ ಹೇಳಿದೆ. ದಾರ ಬಿಟ್ಟೆ. ನೀರು ಚಿಮ್ಮಿತು. ಚಿತ್ರವನ್ನು ಪ್ರೊಜೆಕ್ಟರಿನಲ್ಲಿ ಗೋಡೆಗೆ ಬಿಟ್ಟೆ, ಸರ್ ಅವರ ಮಿಂಚುಳ್ಳಿಯ ಪಕ್ಕಕ್ಕೆ ಸರಿಯಾಗಿ.

ಒಬ್ಬೊಬ್ಬರಾಗಿ ತೊಟ್ಟಿ ನೋಡಿದರು, ಗೋಡೆ ನೋಡಿದರು, ಆಮೇಲೆ ಸರ್ ಕಡೆ ನೋಡಿದರು. ಹಿಂದಿನ ಸಾಲಿನಲ್ಲಿ ಯಾರೋ ತೆಲುಗಿನಲ್ಲಿ "ಇದಾ ಸಂಗತಿ" ಎಂದರು. ನಗು ಎದ್ದಿತು. ಅದೇ ಹಾಲ್, ಅದೇ ಜನ.

"ನನಗೆ ಇದೆಲ್ಲ ತಿಳಿದದ್ದು ಸರ್ ಅವರ ಕೆಲಸದಿಂದಲೇ. ಅವರಿಗೆ ಋಣಿ" ಎಂದೆ. ಭಾಯ್ ಹೆಸರು ಎತ್ತಲಿಲ್ಲ. ನಂತರ ಮಾಲೂರಿನ ಮಾಡು ತೋರಿಸಿದೆ, ಜೋಡಿಸಿದ ಹೆಂಚು ತೋರಿಸಿದೆ, ರೆಕ್ಕೆಯ ಚಿತ್ರವನ್ನು ಗೋಡೆಯ ಮೇಲೆ ಹಾಗೇ ಬಿಟ್ಟು ಅವರ ಕಡೆ ತಿರುಗಿದೆ. "ಸರ್, ಹೆಂಚು ತೆಗೆದಾಗ ಬೆಳಕು ಯಾವ ಕಡೆಯಿಂದ ಬಂತು? ಕಲಿಯೋರಿದ್ದಾರೆ, ಸ್ವಲ್ಪ ಹೇಳ್ಕೊಡಿ."

ಈ ಸಲ ಯಾರೂ ನಗಲಿಲ್ಲ. ಸರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಇದು ಸಂಸ್ಕಾರ ಅಲ್ಲಮ್ಮ" ಎಂದು ಎದ್ದು ಮೆಟ್ಟಿಲಿಳಿದು ಹೋದರು. ಅವರು ಕೆಳಗೆ ತಲುಪುವವರೆಗೂ ಚಪ್ಪಲಿ ಸದ್ದು ಕೇಳುತ್ತಾ ನಿಂತಿದ್ದೆ. ಇನ್ನೂ ನಾಲ್ಕು ಮೆಟ್ಟಿಲಿರಬಾರದಿತ್ತೆ ಎನ್ನಿಸಿತು.

ಆಮೇಲೆ ಅವರು ಕ್ಲಬ್ಬಿಗೆ ಬರಲಿಲ್ಲ. ಗೋಡೆಯ ಮಿಂಚುಳ್ಳಿಯನ್ನು ಯಾರೋ ಇಳಿಸಿ ಬೀರುವಿನ ಹಿಂದೆ ಇಟ್ಟರು. ಬಹುಮಾನ ಕೊಟ್ಟವರಿಗೆ ನನ್ನ ಚಿತ್ರಗಳನ್ನು ಕಳುಹಿಸಿದೆ, ಅವರು ಬಹುಮಾನ ವಾಪಸು ಪಡೆದರು. ಸರ್ ಮನೆಯಾಕೆ ಒಮ್ಮೆ ಫೋನ್ ಮಾಡಿ, "ಇಷ್ಟು ಮಾಡಬೇಕಿತ್ತೇನಮ್ಮ, ಮನೇಲಿ ಊಟ ಸೇರ್ತಿಲ್ಲ ಅವರಿಗೆ" ಎಂದರು. ಆಕೆಯ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಆದರೂ "ಮಾಡಬೇಕಿತ್ತು ಅಮ್ಮಾ" ಎಂದು ಫೋನ್ ಇಟ್ಟೆ.

ಹೋದ ಬೇಸಗೆಯಲ್ಲಿ ಕ್ಲಬ್ಬಿನವರೆಲ್ಲ ಮಾವಿನ ಕೊಯ್ಲಿನ ಫೋಟೋ ತೆಗೆಯಲು ಶ್ರೀನಿವಾಸಪುರದ ಒಂದು ತೋಪಿಗೆ ಹೋಗಿದ್ದೆವು. ಸರ್ ಅಲ್ಲಿದ್ದರು. ತೋಪು ಅವರ ನೆಂಟರದಂತೆ, ನಮಗೆ ಗೊತ್ತಿರಲಿಲ್ಲ. ತೆಳ್ಳಗಾಗಿದ್ದರು. ಕೈಯಲ್ಲಿ ಹೊಸ ಕ್ಯಾಮೆರಾ. ಸುತ್ತ ಬೇರೆ ಯಾರೂ ಇಲ್ಲದಾಗ ನನ್ನ ಹತ್ತಿರ ಬಂದರು.

"ಫೋಕಸ್ ಚೌಕ ಒಂದು ಮೂಲೇಲೇ ಕೂತ್ಬಿಟ್ಟಿದೆ ಅಮ್ಮಾ. ನಡುವಿಗೆ ತರೋದು ಹೇಗೆ?"

ಒಂದು ಗುಂಡಿ ಒತ್ತಿ ಹಿಡಿದರೆ ಆಗುವ ಕೆಲಸ. ಶಾಲೆಯ ಮಕ್ಕಳಿಗೆ ಕೂಡ ಅದನ್ನು ಹೇಳಿಕೊಟ್ಟಿದ್ದೇನೆ.

"ಗೊತ್ತಿಲ್ಲ ಸರ್" ಎಂದೆ.

ಅವರು ಕ್ಯಾಮೆರಾ ತಿರುಗಿಸುತ್ತಾ ಸ್ವಲ್ಪ ಹೊತ್ತು ನಿಂತು ಹೊರಟುಹೋದರು. ಆಚೆ ಮರದ ಕೆಳಗೆ ಸರ್ ಅವರನ್ನು ಕೂರಿಸಿಕೊಂಡು ಭಾಯ್ ಕ್ಯಾಮೆರಾ ತೆಗೆದುಕೊಂಡು ಸರಿ ಮಾಡಿಕೊಡುವುದು ಕಾಣಿಸಿತು. ಭಾಯ್ ಭುಜವನ್ನು ಸರ್ ತಟ್ಟಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಭಾಯ್ ನನ್ನ ಹಿಂದಿನ ಸೀಟಿನಲ್ಲಿದ್ದರು. ಮುಂದಕ್ಕೆ ಬಾಗಿ, "ನಿಮಗೆ ಗೊತ್ತಿತ್ತಲ್ಲ ಅಕ್ಕಾ" ಎಂದರು.

"ಗೊತ್ತಿತ್ತು."

"ಪಾಪ, ವಯಸ್ಸಾಗಿದೆ ಅವರಿಗೆ."

"ಆ ಮರಿಗಳಿಗೆ ವಯಸ್ಸೇ ಆಗಲಿಲ್ಲ ಭಾಯ್."

ಭಾಯ್ ಚೀಲದಿಂದ ಒಂದು ಮಾವಿನಹಣ್ಣು ತೆಗೆದು, ಚಾಕುವಿನಿಂದ ಹೋಳು ಮಾಡಿ, ಸೀಟಿನ ಸಂದಿಯಿಂದ ನನ್ನ ಕಡೆ ಚಾಚಿದರು. ತೆಗೆದುಕೊಂಡು ತಿಂದೆ. ಕೋಲಾರ ಬರುವವರೆಗೂ ಅವರ ಜೊತೆ ಬೇರೆ ಏನೇನೋ ಮಾತಾಡಿದೆ. ಸರ್ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ.