ಸೋಮವಾರ ಎಳೆದ ಚಾಸಿ

ನನ್ನ ತಮ್ಮನ ಹಳೆಯ ಪಿಕಪ್ ಗಾಡಿ ಅಣಶಿ ಘಟ್ಟದ ತಿರುವಿನಲ್ಲಿ ಚರಂಡಿಗೆ ಇಳಿದ ಮೇಲೆ ನೆಟ್ಟಗೆ ಓಡುವುದನ್ನು ಬಿಟ್ಟಿತ್ತು. ಮುಂದಿನ ಚಕ್ರಗಳು ಒಂದು ಜಾಡಿನಲ್ಲಿ ಹೋದರೆ ಹಿಂದಿನವು ಇನ್ನೊಂದರಲ್ಲಿ. ಚಾಸಿ, ಅಂದರೆ ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು, ನಡುವೆ ಬಾಗಿತ್ತು. ಅಂಥದೇ ಗಾಡಿಯ ಚಾಸಿಯೊಂದು ಹಳಿಯಾಳದ ಗುಜರಿಯಲ್ಲಿ ಸಿಕ್ಕಿತು. ಸಾರಿಗೆ ಕಚೇರಿಯ ಒಪ್ಪಿಗೆಯೂ ಬಂತು. ಬದಲಿಸುವ ಕೆಲಸ ಮನೆಯ ಹಿತ್ತಲಲ್ಲೇ ಆಗಲಿ ಎಂದು ತಮ್ಮ ಹೇಳಿದಾಗ ನನಗೆ ಹೆದರಿಕೆ ಶುರುವಾಯಿತು.

ನಾನು ದಾಂಡೇಲಿಯಿಂದ ಪತ್ರಿಕೆಯೊಂದಕ್ಕೆ ವರದಿ ಮಾಡುತ್ತೇನೆ. ವಾಹನದ ಕೆಳಗೆ ಸಿಕ್ಕಿ ಸತ್ತವರ ಸುದ್ದಿ ನಾಲ್ಕು ಸಾಲು ಮೀರುವುದಿಲ್ಲ. ಜಾಕ್ ಜಾರಿತು, ಕಲ್ಲು ಸರಿಯಿತು, ಹಗ್ಗ ಹರಿಯಿತು. ಬದಲಾಗುವುದು ಇಷ್ಟೇ, ಉಳಿದ ಸಾಲುಗಳು ಒಂದೇ. ಹಳಿಯಾಳ ತಾಲೂಕಿನ ನಮ್ಮ ಹಳ್ಳಿಗೆ ರಜೆ ಹಾಕಿ ಹೋದದ್ದು ಸಹಾಯಕ್ಕೆಂದಲ್ಲ, ಕಾವಲಿಗೆಂದು.

ನಮ್ಮ ಕಡೆ ಭಾರ ಎತ್ತುವ ಪದ್ಧತಿ ಕಾಡಿನ ಮರಗೆಲಸದಿಂದ ಬಂದದ್ದು. ತುದಿ ಕವಲೊಡೆದ ಎರಡು ಕವೆಗಂಬ ನೆಟ್ಟು, ಮೇಲೆ ಮತ್ತಿಮರದ ತೊಲೆ ಹಾಯಿಸಿ, ತೊಲೆಗೆ ಚೈನ್ ಕಪ್ಪಿ ಕಟ್ಟುತ್ತಾರೆ. ಭಾನುವಾರ ತಮ್ಮ ಮತ್ತು ಅವನ ಗಾಡಿಯಲ್ಲೇ ಹಮಾಲಿ ಮಾಡುವ, ಸಿದ್ದಿ ಜನಾಂಗದ ಗೆಳೆಯ ಸೇರಿ ತುಕ್ಕು ಹಿಡಿದ ಬೋಲ್ಟುಗಳನ್ನು ಬಿಚ್ಚಿ, ಕ್ಯಾಬಿನನ್ನು ಆ ತೊಲೆಗೆ ನೇತುಹಾಕಿದರು. ಅಪ್ಪ ಎತ್ತು ಹೂಡಿ ತಂದ. ಉದ್ದನೆಯ ಹಗ್ಗದ ತುದಿಯಲ್ಲಿ ಎತ್ತುಗಳು ಗದ್ದೆಗೆ ಹೋಗುವ ಹಾಗೆ ನಿಧಾನವಾಗಿ ನಡೆದವು. ಬಾಗಿದ ಚಾಸಿ ಕಂಬಗಳ ನಡುವಿನಿಂದ ಸದ್ದಿಲ್ಲದೆ ಹೊರಬಂತು. ನೇತಾಡುವ ಕ್ಯಾಬಿನಿನ ಕೆಳಗೆ ಯಾರೂ ಕಾಲಿಡಬೇಕಾಗಲಿಲ್ಲ. ಆಮೇಲೆ ಕ್ಯಾಬಿನನ್ನು ದಿಮ್ಮಿಗಳ ಒಟ್ಟಿಲ ಮೇಲೆ ಇಳಿಸಿ, ಅದೇ ಕಪ್ಪಿಯನ್ನು ಮಾವಿನ ಕೊಂಬೆಗೆ ಕಟ್ಟಿ, ಎಂಜಿನನ್ನು ಗುಜರಿಯಿಂದ ತಂದ ಚಾಸಿಗೆ ಕೂರಿಸುವಷ್ಟರಲ್ಲಿ ಹೊತ್ತು ಮುಳುಗಿತು.

ಮರುದಿನ ಬೆಳಿಗ್ಗೆ ಕ್ಯಾಬಿನನ್ನು ಮತ್ತೆ ಮೇಲೆತ್ತಿ, ಕೆಳಗಿನ ದಿಮ್ಮಿಗಳನ್ನೆಲ್ಲ ತೆಗೆದರು. ಇನ್ನು ಎಂಜಿನ್ ಕೂರಿಸಿದ ಚಾಸಿಯನ್ನು ಅದರ ಕೆಳಗೆ ಎಳೆದು ತರಬೇಕಿತ್ತು. ತಮ್ಮ ಕೊಟ್ಟಿಗೆಯ ಕಡೆ ತಿರುಗಿ ಕೂಗಿದ.

"ಯಪ್ಪಾ, ಎತ್ತ ಹೂಡ್ರಿ."

ಅಪ್ಪ ಎತ್ತುಗಳ ಹಣೆಗೆ ವಿಭೂತಿ ಹಚ್ಚುತ್ತಿದ್ದ. "ಇವತ್ತ ಯಾವ ವಾರಲೇ?"

ತಮ್ಮನಿಗೆ ಆಗ ನೆನಪಾಯಿತು. ಸೋಮವಾರ. ನಮ್ಮ ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಶಿವನ ವಾರ, ಹಾಗಾಗಿ ಬಸವಣ್ಣನಿಗೂ ಬಿಡುವು. ನಮ್ಮ ಕಡೆಯ ರಾಮನಗರದ ದಾರಿಯಲ್ಲಿ ವಾರವಿಡೀ ತರಕಾರಿ ಸಾಗಿಸುವ ತಮ್ಮನಿಗೆ ವಾರದ ಲೆಕ್ಕ ಸಂತೆಗಳದ್ದು, ಎತ್ತಿನದ್ದಲ್ಲ.

"ನಾಕು ಮಾರು ಎಳದ್ರ ಏನಾಗತೈತಿ?"

"ನಾಳೆ ನಲವತ್ತು ಮಾರು ಎಳಸು. ಇವತ್ತ ನೊಗ ಮುಟ್ಟಬ್ಯಾಡ."

ಗೆಳೆಯ ಕೈಯ ಗ್ರೀಸನ್ನು ಅಂಗಿಗೆ ಒರೆಸಿಕೊಂಡ. "ಬರೋಬರಿ ಆತು. ನಿನ್ನಿ ಐತಾರ ನಾ ಚರ್ಚ್ ಬಿಟ್ಟು ಬೋಲ್ಟ್ ಬಿಚ್ಚೇನಿ. ಇವತ್ತ ಎತ್ತಿಗೆ ರಜಾ. ಮುಂದಿನ ಜನ್ಮಕ್ಕ ನಿಮ್ಮ ಕೊಟ್ಟಿಗ್ಯಾಗ ಹುಟ್ತೇನ್ರೀ ಕಾಕಾ. ನಮ್ಮ ಫಾದರ್‌ಗೆ ಮಾತ್ರ ಹೇಳಬ್ಯಾಡ್ರಿ."

ಅಪ್ಪನೂ ನಕ್ಕ. ಆದರೆ ನೊಗ ಗೋಡೆಯಿಂದ ಇಳಿಯಲಿಲ್ಲ. ಊರಿನ ಟ್ರ್ಯಾಕ್ಟರುಗಳೆಲ್ಲ ಕಬ್ಬು ಸಾಗಿಸಲು ಹೋಗಿದ್ದವು. ಕಪ್ಪಿಯ ಮಾಲೀಕ ಬೋರ್‌ವೆಲ್ ರಿಪೇರಿಯವನು, ಸಂಜೆಗೆ ವಾಪಸು ಬೇಕೆಂದು ಮೊದಲೇ ಹೇಳಿದ್ದ. ದಿಮ್ಮಿ ಮತ್ತೆ ಒಟ್ಟಿ ಕ್ಯಾಬಿನ್ ಇಳಿಸಿಬಿಡು, ಬೇರೆ ಕಪ್ಪಿ ಹುಡುಕೋಣ ಎಂದೆ.

"ಅಕ್ಕಾ, ನೀ ಪೇಪರಿನಾಗ ಹೆದರಿಸು. ಇಲ್ಲಿ ಹಗ್ಗ ಹಿಡಿ" ಎಂದ ತಮ್ಮ.

ತೊಡಕು ಇದ್ದದ್ದು ಇಲ್ಲಿ. ಎತ್ತಿನ ಎಳೆತ ಒಂದೇ ಸಮ, ಮನುಷ್ಯರದು ಜಗ್ಗು. ಜಗ್ಗಿದಂತೆ ಚಾಸಿಯ ಮುಂದಿನ ಚಕ್ರಗಳು ಅತ್ತಿತ್ತ ಹೊರಳುತ್ತವೆ. ಸ್ಟೇರಿಂಗ್ ಇನ್ನೂ ಜೋಡಿಸಿರಲಿಲ್ಲ. ಎಂಜಿನ್ ಹೊತ್ತ ಚಾಸಿ ಓರೆಯಾಗಿ ಕವೆಗಂಬಕ್ಕೆ ಬಡಿದರೆ ತೊಲೆ ಜಾರುತ್ತದೆ, ಕ್ಯಾಬಿನ್ ಬೀಳುತ್ತದೆ. ಅದಕ್ಕೆ ಒಬ್ಬರು ಹಾರೆ ಹಿಡಿದು ಚಕ್ರವನ್ನು ನೇರ ಮಾಡುತ್ತ, ಚಾಸಿಯ ಜೊತೆಗೇ ಕ್ಯಾಬಿನಿನ ಕೆಳಗೆ ಹೋಗಬೇಕು. ಯಾರೂ ಕೇಳುವ ಮೊದಲೇ ತಮ್ಮ ಹಾರೆ ಎತ್ತಿಕೊಂಡ.

ಹಗ್ಗಕ್ಕೆ ಗೆಳೆಯ, ನಾನು, ತಮ್ಮನ ಹೆಂಡತಿ. ಮೂವರು ಎಳೆದರೂ ಚಾಸಿ ಅಲುಗಲಿಲ್ಲ. ಆಗ ಅಪ್ಪ ಕೊಟ್ಟಿಗೆಯಿಂದ ಬಂದು, ತಲೆಯ ಟವೆಲನ್ನು ಮಡಚಿ ಹೆಗಲ ಮೇಲೆ ಇಟ್ಟುಕೊಂಡು, ಹಗ್ಗದ ಮುಂದಿನ ತುದಿಯನ್ನು ಅದರ ಮೇಲೆ ಹಾಕಿಕೊಂಡ.

"ಜಗ್ಗಬ್ಯಾಡ್ರಿ. ನಾ ನಡದಂಗ ನಡೀರಿ."

ಚಾಸಿ ಉರುಳಿತು. ನಾನು ಹಗ್ಗ ಹಿಡಿದು ಹಿಮ್ಮುಖವಾಗಿ ನಡೆಯುತ್ತಿದ್ದುದರಿಂದ ತಮ್ಮ ಕಾಣುತ್ತಿದ್ದ. ಅವನು ಬಗ್ಗಿ, ಹಾರೆಯನ್ನು ಚಕ್ರಕ್ಕೆ ಒತ್ತಿಕೊಂಡು ಕ್ಯಾಬಿನಿನ ನೆರಳೊಳಗೆ ಹೋದ. ಮೊದಲು ತಲೆ ಮರೆಯಾಯಿತು, ಆಮೇಲೆ ಬೆನ್ನು. ತೊಲೆ ಕಿರ್ರೆಂದಿತು. ಗೆಳೆಯನ ಕಾಲು ಜಾರಿ ಹಗ್ಗ ಒಮ್ಮೆ ಸಡಿಲಾಗಿ, ಒಮ್ಮೆಗೇ ಬಿಗಿಯಾಯಿತು. ಚಕ್ರ ಹೊರಳಿತು. ಟೈರು ಎಡಗಡೆಯ ಕಂಬಕ್ಕೆ ತಾಗಿದ್ದು ಕಂಡಿತು. ಕ್ಯಾಬಿನ್ ಒಂದು ಕಡೆಗೆ ವಾಲಿ, ಸರಪಳಿಯಲ್ಲಿ ಸುತ್ತತೊಡಗಿತು.

"ನಿಲ್ಲಸ್ರೀ!" ಎಂದು ತಮ್ಮನ ಹೆಂಡತಿ ಚೀರಿದಳು.

"ಹಗ್ಗ ಬಿಡಬ್ಯಾಡ್ರಿ" ಎಂದ ಅಪ್ಪ. ತಿರುಗಿ ನೋಡಲಿಲ್ಲ. ನೋಡಿದರೆ ಹೆಗಲು ಸಡಿಲಾಗುತ್ತದೆಂದು ಅವನಿಗೆ ಗೊತ್ತಿತ್ತು. ಆ ಕ್ಷಣ ನನ್ನ ತಲೆಯಲ್ಲಿ ಸುದ್ದಿಯ ಸಾಲುಗಳು ತಾವಾಗಿ ಜೋಡಿಕೊಂಡವು. ಊರು, ತಾಲೂಕು, ವಯಸ್ಸು. ಬೇಡವೆಂದರೂ ನಿಲ್ಲಲಿಲ್ಲ.

ಒಳಗಿನಿಂದ ಹಾರೆ ಕಬ್ಬಿಣಕ್ಕೆ ಬಡಿದ ಸದ್ದು ಬಂತು. ಮತ್ತೊಮ್ಮೆ ಬಡಿಯಿತು. ಟೈರು ಕಂಬ ಬಿಟ್ಟು ಒಳಸರಿಯಿತು.

"ನಡೀರಿ! ಸಾವಕಾಶ!" ತಮ್ಮನ ದನಿ.

ಅಪ್ಪ ಹೆಜ್ಜೆ ಎತ್ತಿಟ್ಟ. ಚಾಸಿ ಕ್ಯಾಬಿನಿನ ಕೆಳಗೆ ಸರಿಯಾಗಿ ನಿಂತ ಮೇಲೆ ತಮ್ಮ ಮೊಣಕೈಯೂರಿ ಪಕ್ಕದಿಂದ ಹೊರಬಂದ. ಮುಖಕ್ಕೆಲ್ಲ ಮಣ್ಣು. ತೊಟ್ಟಿಯ ನೀರನ್ನು ತಲೆಗೆ ಸುರಿದುಕೊಂಡು ಕೂತ. ಗೆಳೆಯ ಮೆಲ್ಲಗೆ ಸರಪಳಿ ಬಿಟ್ಟು ಕ್ಯಾಬಿನನ್ನು ಚಾಸಿಯ ಮೇಲೆ ಇಳಿಸಿದ. ರಂಧ್ರಗಳು ಹೊಂದಿಕೊಂಡವು.

ಹೆದರಿಕೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬೋಲ್ಟು ಬಿಗಿಯಬೇಕಾದದ್ದು ಕೆಳಗಿನಿಂದಲೇ. ತಮ್ಮ ಪಾನಾ ಹಿಡಿದು ಮತ್ತೆ ಅಂಗಾತ ಒಳಗೆ ಸರಿದ. ಹೊರಗೆ ಉಳಿದದ್ದು ಎರಡು ಪಾದ ಮಾತ್ರ. ಅವನ ಹೆಂಡತಿ ಹೋಗಿ ಆ ಪಾದಗಳ ಬಳಿ ಮಣ್ಣಲ್ಲೇ ಕೂತು, ಒಂದು ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕಾಲ ಬಿಡಽ. ಕಚಗುಳಿ ಆಗತೈತಿ."

"ಆಗಲಿ."

"ಬೋಲ್ಟ್ ತಿರುವೂದ ಹೆಂಗ?"

"ಕೈಲೆ ತಿರುವು. ಕಾಲ ನನ್ನ ಕಡೆ ಇರ್ಲಿ."