ಹೇರುಕುದುರೆಯವನ ಕೂಸನ್ನು ಎತ್ತಿಕೊಂಡ ನಿನಿಯನ್

ದೊರೆಗಳು ಜಗಳಕ್ಕಿಳಿದರೆ ಬೆನ್ನು ಮುರಿಯುವುದು ಹೊರೆ ಹೊರುವವರದು. ಇಂಗ್ಲೆಂಡು, ಸ್ಕಾಟ್ಲೆಂಡು, ಐರ್ಲೆಂಡು ಮೂರಕ್ಕೂ ಆಗ ಒಬ್ಬನೇ ದೊರೆ, ಮೂರರಲ್ಲೂ ಅವನದೇ ಜಗಳ. ಅವನು ಹೇಳಿದ ಹಾಗೆ ಪ್ರಾರ್ಥಿಸುವುದಿಲ್ಲ ಎಂದು ಸ್ಕಾಟ್ಲೆಂಡಿನ ಒಂದು ಕಡಲೂರು ಆಣೆ ಇಟ್ಟ ದಿನ ಉಪ್ಪು ಮಾರುವ ಇಸೊಬೆಲ್ ಕೇರ್ನ್ಸ್ ಕೂಡ ಕೈ ಎತ್ತಿದ್ದಳು, ಬೆನ್ನ ಮೇಲಿನ ಬುಟ್ಟಿ ಇಳಿಸದೆಯೇ.

ಗಂಡ ಗೇವಿನ್ ಹೇರುಕುದುರೆ ಹೊಡೆಯುವವನು. ಊರಿನ ಗಂಡಸರು ದೊರೆಯ ಪಡೆಯ ಕೈಯಲ್ಲಿ ಸೋತು ಸತ್ತ ಕಿಲ್ಸೈತ್ ಕಾಳಗದ ಬೇಸಿಗೆಯಲ್ಲಿ ಆ ಪಡೆಯವರು ಅವನನ್ನು ಕುದುರೆ ಸಮೇತ ಹಿಡಿದೊಯ್ದರು. ಆರು ವಾರ ಅವರ ಹಿಟ್ಟು ಸಾಗಿಸಿ, ತಪ್ಪಿಸಿಕೊಂಡು ಬಂದ. ಹಗೆಗೆ ದುಡಿದವನೆಂದು ಚರ್ಚಿನ ಸಭೆಯ ಹಿರಿಯರು ಬಿಡಲಿಲ್ಲ: ಏಳು ಭಾನುವಾರ ಗೋಣಿ ಉಟ್ಟು ಚರ್ಚಿನಲ್ಲಿ ಪಶ್ಚಾತ್ತಾಪದ ಪೀಠದ ಮೇಲೆ ಕೂರಬೇಕು. ಅಲ್ಲಿಯತನಕ ತನ್ನ ಮಗುವನ್ನು ನೀರು ಹಾಕಿ ಹೆಸರಿಡುವ ದೀಕ್ಷಾಸ್ನಾನಕ್ಕೆ ಎತ್ತಿ ಹಿಡಿಯುವಂತಿಲ್ಲ.

ಕೂಸಿಗೆ ಹತ್ತು ದಿನ. ಹಾಲು ಹಿಡಿಯುತ್ತಿರಲಿಲ್ಲ. ಏಳು ವಾರ ಉಳಿದೀತೇ? ಹೆಸರಿಲ್ಲದೆ ಮಣ್ಣಿಗೆ ಹೋದೀತೆಂದು ಇಸೊಬೆಲ್ ನಿದ್ದೆಗೆಟ್ಟಳು.

ಮೊದಲ ಭಾನುವಾರ ಪಾದ್ರಿ ಕೇಳಿದರು: “ಅಪ್ಪನ ಬದಲು ಬೇರೆ ಗಂಡಸು ಯಾರಾದ್ರೂ ಎತ್ಕೋತೀರಾ?”

ಯಾರೂ ಮಿಸುಕಲಿಲ್ಲ. ಕಿಲ್ಸೈತ್‌ನಲ್ಲಿ ಗಂಡಸನ್ನು ಕಳೆದುಕೊಳ್ಳದ ಮನೆ ಆ ಊರಲ್ಲಿ ಕಡಿಮೆ.

ಕೊನೆಗೆ ಎದ್ದವನು ಕಡಲ ನೀರು ಕುದಿಸಿ ಉಪ್ಪು ಮಾಡುವ ಮುದುಕ ನಿನಿಯನ್. ಅವನ ಒಬ್ಬನೇ ಮಗ ಆ ಕಾಳಗದಲ್ಲೇ ಸತ್ತಿದ್ದ.

“ನಿನ್ ಮಗನ್ನ ಕೊಂದೋರಿಗೆ ಹಿಟ್ಟು ಹೊತ್ತೋನ ಕೂಸು ಕಣಣ್ಣಾ ಅದು!” ಎಂದು ನೆರೆಮನೆಯ ಗ್ರಿಸೆಲ್ ಕೂಗಿದಳು.

“ಕೂಸೇನು ಹೊತ್ತಿತ್ತೇನೇ? ಬಾಯ್ಮುಚ್ಕೊಂಡು ಕೂತ್ಕೋ.”

ಉಪ್ಪುನೀರಿಗೆ ಬಿರಿದ ಕೈಗಳಿಗೆ ಕೂಸನ್ನು ಕೊಡುತ್ತ ಇಸೊಬೆಲ್ ಪಿಸುಗುಟ್ಟಿದಳು: “ತಾತಾ, ನಿಮ್ಮ ಮಗನ ಹೆಸರೇ ಇಡ್ಲಾ?”

“ಅವನ ಹೆಸರು ಅವನಿಗೇ ಇರ್ಲಿ. ಬೇರೆ ಹೇಳು. ದೊರೆ ಹೆಸರು ಹೇಳ್ದೆ ಅಂದ್ರೆ ಇಲ್ಲೇ ಎತ್ತಿ ಹಾಕ್ಬಿಡ್ತೀನಿ.”

“ಏಡಮ್,” ಎಂದಳು.

ನೀರು ಬಿದ್ದದ್ದೇ ತಡ, ಕೂಸು ಚರ್ಚು ಕಿತ್ತುಹೋಗುವಂತೆ ಕಿರುಚಿತು. ಪೀಠದ ಮೇಲೆ ತಲೆ ತಗ್ಗಿಸಿ ಕೂತಿದ್ದ ಗೇವಿನ್ ಗೋಣಿಯಲ್ಲೇ ಮೂಗು ಒರೆಸಿಕೊಂಡ.

ಏಡಮ್ ಬದುಕಿದ. ಮುಂದೆ ದೊರೆಯ ತಲೆ ಉರುಳಿತು, ಹೆಣಗಳೂ ಇನ್ನಷ್ಟು ಬಿದ್ದವು. ಯಾರು ಗೆದ್ದರು ಎಂದರೆ ಇಸೊಬೆಲ್ ಮೂಗು ಮುರಿಯುತ್ತಿದ್ದಳು. ನಿನಿಯನ್ ಇರುವಷ್ಟು ದಿನ ಮಾತ್ರ ಅವನ ಬಾಗಿಲಿಗೆ ಬಿಸಿ ಗಂಜಿ ತಪ್ಪಿಸಲಿಲ್ಲ. “ಉಪ್ಪು ಮಾರೋಳು, ಗಂಜಿಗೆ ಉಪ್ಪಿಲ್ಲ!” ಎಂದು ಅವನು ದಿನಾ ಬೈದ. ಅವಳು ದಿನಾ ನಗುನಗುತ್ತ ಬೈಸಿಕೊಂಡಳು.