ಕೋದಂಡಪ್ಪನವರ ಮೇಜಿನ ಮೇಲಿನ ನೀರಿನ ಲೋಟ

ಬೂದಿಕೋಟೆಯಲ್ಲಿ ನಮ್ಮಜ್ಜಿ ಕೋಳಿಯನ್ನು ಕಾವಿಗೆ ಕೂರಿಸುತ್ತಿದ್ದ ಬುಟ್ಟಿಗೆ ಒಂದು ವಾಸನೆಯಿತ್ತು: ರಾಗಿ ಹೊಟ್ಟು, ಒಲೆಯ ಬೂದಿ, ಬೆಚ್ಚಗಾದ ರೆಕ್ಕೆ. ನಾನು ಮರೆತೇಬಿಟ್ಟಿದ್ದ ಆ ವಾಸನೆ ೧೯೫೮ರಲ್ಲಿ, ಚಿನ್ನದ ಗಣಿಯ ನಮ್ಮ ಕಾಲೇಜಿನಲ್ಲಿ, ಡಾಕ್ಟರ್ ಕೋದಂಡಪ್ಪನವರು ತಮ್ಮ ಕಾವುಪೆಟ್ಟಿಗೆಯ ಬಾಗಿಲು ತೆರೆದಾಗ ಮತ್ತೆ ಮೂಗಿಗೆ ಬಂತು.

ಆ ಪೆಟ್ಟಿಗೆ ಮರಿ ಮಾಡಿಸುವುದಕ್ಕಲ್ಲ. ಕೋಳಿಭ್ರೂಣದ ಬೆನ್ನುಹುರಿಯ ಚೂರೊಂದನ್ನೂ ಕಾಲಿನ ಸ್ನಾಯುವಿನ ಚೂರೊಂದನ್ನೂ ಗಾಜಿನ ಮೇಲೆ, ಒಂದು ಹನಿ ಪೋಷಕದ್ರವದಲ್ಲಿ, ಸ್ವಲ್ಪವೇ ದೂರದಲ್ಲಿಟ್ಟು ಬೆಳೆಸಿದರೆ ನರವು ತಾನಾಗಿ ಸ್ನಾಯುವನ್ನು ಹುಡುಕಿ ಸೇರುತ್ತದೆಯೇ, ಸೇರಿದ ಮೇಲೆ ಅದಕ್ಕೆ ಅಪ್ಪಣೆ ಕೊಡುತ್ತದೆಯೇ ಎಂದು ನೋಡುವುದು ಅವರ ಕೆಲಸ. ದೊಡ್ಡ ದೇಶಗಳಲ್ಲಿಯೂ ಕೆಲವೇ ಜನ ಕೈಹಾಕಿದ್ದ ಈ ವಿದ್ಯೆಯನ್ನು ಚಿನ್ನ ತೆಗೆದುಳಿದ ಗಣಿಮಣ್ಣಿನ ಸಯನೈಡ್ ದಿಬ್ಬಗಳ ಪಕ್ಕದ ಒಂದು ಕಿರುಕೋಣೆಯಲ್ಲಿ ಅವರು ಹನ್ನೆರಡು ವರ್ಷ ಸಾಕಿದರು.

ಹೈಸ್ಕೂಲಿನಲ್ಲಿ ಪಾಠ ಹೇಳುವ ಕೆಲಸ ಬಿಟ್ಟು ಐವತ್ತರ ವಯಸ್ಸಿನಲ್ಲಿ ಅವರ ಕೈಕೆಳಗೆ ಸೇರಿದವಳು ನಾನು. ಅವರಿಗಿಂತ ಆರು ವರ್ಷ ಹಿರಿಯಳು. ಮೊದಲ ವಾರ ಎತ್ತರದ ಸ್ಟೂಲಿನ ಮೇಲೆ ಕಾಲು ತೂಗಾಡಿಸಿಕೊಂಡು ಸೂಕ್ಷ್ಮದರ್ಶಕ ನೋಡುತ್ತಿದ್ದೆ. ಎರಡನೆಯ ವಾರ ಸ್ಟೂಲಿನ ಕಾಲುಗಳು ನಾಲ್ಕು ಬೆರಳು ಗಿಡ್ಡವಾಗಿದ್ದವು. ಕೋದಂಡಪ್ಪನವರ ಮೇಜಿನ ಕೆಳಗೆ ಗರಗಸವೊಂದಿತ್ತು.

ಆ ಸ್ಟೂಲಿನ ಮೇಲೆ ಕುಳಿತು ನಾನು ಕಂಡದ್ದನ್ನು ಇಂದಿಗೂ ಪೂರ್ತಿಯಾಗಿ ನಂಬಲಾರೆ. ಒಡಲಿಲ್ಲ, ತಲೆಯಿಲ್ಲ, ಆದರೂ ಬೆನ್ನುಹುರಿಯ ಆ ಚೂರಿನಿಂದ ಎಳೆಯೊಂದು ಹೊರಟು, ತುದಿಯಲ್ಲಿ ಪುಟ್ಟ ಅಂಗೈ ಬಿಚ್ಚಿ ತಡವುತ್ತ ತಡವುತ್ತ, ಸ್ನಾಯುವಿನ ಕಡೆಗೇ ಬರುತ್ತಿತ್ತು. ದಾರಿ ಹೇಳಿದವರು ಯಾರು? ಕೋದಂಡಪ್ಪನವರನ್ನು ಕೇಳಿದೆ. "ಅದೇ ಗೊತ್ತಿಲ್ಲ ಮಂಗಮ್ಮನವರೇ. ಗೊತ್ತಿಲ್ಲ ಅಂತಲೇ ದಿನಾ ಬಾಗಿಲು ತೆಗೀತೀನಿ" ಎಂದರು.

೧೯೬೨ರ ಬೇಸಿಗೆಯಲ್ಲಿ ಸ್ನಾಯು ಮಿಡಿಯಿತು. ನರ ಸೇರಿದ ಐದನೆಯ ದಿನ ಮೊದಲು ಕಂಡವಳು ನಾನೇ. ಒಂದು ತಿಂಗಳಲ್ಲಿ ಮೂವತ್ತೊಂದು ಮಿಡಿತಗಳನ್ನು ನನ್ನ ಕೈಯಾರೆ ಪುಸ್ತಕದಲ್ಲಿ ಬರೆದೆ. ವರ್ಷದ ಕೊನೆಯೊಳಗೆ ಫಲ ಕಾಣದಿದ್ದರೆ ಕೋಣೆಯನ್ನು ಉಗ್ರಾಣಕ್ಕೆ ಕೊಡುವುದಾಗಿ ಆಡಳಿತದವರು ಬರೆದಿದ್ದ ಕಾಲವದು; ಮಿಡಿತವೇ ನಮ್ಮ ಉಳಿವು. ಬೆಂಗಳೂರಿನ ವಿಜ್ಞಾನ ಸಭೆಗೆ ಪ್ರಬಂಧ ಹೋಯಿತು. ಕೋದಂಡಪ್ಪನವರು ನನ್ನ ಹೆಸರನ್ನು ಮೊದಲು ಬರೆದು, ತಮ್ಮದನ್ನು ಎರಡನೆಯದಾಗಿ ಇಟ್ಟಿದ್ದರು.

ಸಭೆಗೆ ಒಂಬತ್ತು ದಿನವಿದ್ದಾಗ, ಬೂದಿಕೋಟೆಯಿಂದ ನಮಗೆ ಮೊಟ್ಟೆ ತರುತ್ತಿದ್ದ ಆದಿಲಕ್ಷ್ಮಮ್ಮ ಬಸ್ಸು ತಪ್ಪಿ, ಎಂದಿನಂತೆ ಬೆಳಿಗ್ಗೆ ಬರದೆ ಮಧ್ಯಾಹ್ನ ಮೂರಕ್ಕೆ ಬಂದಳು. ನಮ್ಮ ಅಟೆಂಡರ್ ಕುಪ್ಪುಸ್ವಾಮಿ ಲೋಟದಲ್ಲಿ ನೀರು ತಂದು ಮೇಜಿನ ಮೇಲಿಟ್ಟ. ಅವಳು ಕೈಚಾಚಿದವಳು ಹಾಗೇ ನಿಂತಳು.

"ಅಮ್ಮಣ್ಣೀ, ಈ ನೀರ್ಯಾಕೆ ಇಂಗೆ ನಡುಗ್ತೈತೆ?"

ಕುಪ್ಪುಸ್ವಾಮಿ ನಕ್ಕ. "ಕೆಳಗೆ ಮದ್ದು ಸಿಡಿಸ್ತಾರಕ್ಕಾ, ಪಾಳಿ ಮುಗೀತಲ್ಲ. ನಮಗೆ ಗೊತ್ತೇ ಆಗಲ್ಲ."

"ನಿಮ್ಮೂರ್ನಾಗೆ ನೆಲ ಒಂದ್ಗಳಿಗೆ ಸುಮ್ಕೆ ಕುಂತ್ಕಳಾಕಿಲ್ವಾ?"

"ಅದು ಸುಮ್ಕೆ ಕುಂತ್ರೆ ನಮ್ಮಪ್ಪಂಗೆ ಕೂಲಿ ಇಲ್ಲ ಕಣಕ್ಕಾ!"

ಇಬ್ಬರೂ ನಗುತ್ತಿದ್ದರು. ಕೋದಂಡಪ್ಪನವರು ನಗಲಿಲ್ಲ. ಎದ್ದುಬಂದು ಲೋಟವನ್ನು ನೋಡಿದರು; ಆಮೇಲೆ ನನ್ನ ಪುಸ್ತಕವನ್ನು ತೆಗೆದು ಪುಟ ಮಗುಚಿದರು. ಅವರ ಬೆರಳಿನ ಹಿಂದೆ ನನ್ನ ಕಣ್ಣೂ ಓಡಿತು. ಮೂವತ್ತೊಂದು ಮಿಡಿತಗಳೂ ಮೂರು ಗಂಟೆಗೂ ಮೂರೂವರೆಗೂ ನಡುವೆಯೇ ಇದ್ದವು. ಮಧ್ಯಾಹ್ನದ ಕಾವಿಗೆ ಸ್ನಾಯು ಎಚ್ಚರಗೊಳ್ಳುತ್ತದೆಂದು ನಾನೇ ಅಂಚಿನಲ್ಲಿ ಟಿಪ್ಪಣಿ ಬರೆದಿದ್ದೆ. ಹಗಲೆಲ್ಲ ಆ ನೆಲದ ಮೇಲೆ ಇದ್ದೂ ಇದ್ದೂ, ನೆಲ ಅಲುಗುವುದು ನಮಗೆ ತಿಳಿಯದಂತಾಗಿತ್ತು. ಮಿಡಿದದ್ದು ಸ್ನಾಯುವಲ್ಲ, ಗಣಿ.

ಅವರು ಪುಸ್ತಕ ಮುಚ್ಚಿ, ಬೆಂಗಳೂರಿಗೆ ಕಾಗದ ಬರೆಯಲು ಕುಳಿತರು. ಅದನ್ನು ಅಂಚೆಗೆ ಹಾಕಿದವಳು ನಾನಾದ್ದರಿಂದ ಓದಿದ್ದೇನೆ: "ನನ್ನ ಅವಲೋಕನದಲ್ಲಿ ದೋಷವಿರುವುದರಿಂದ ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತೇನೆ." ಮಿಡಿತ ಸಾಧನೆಯಾಗಿದ್ದಾಗ ಮೊದಲಿದ್ದ ನನ್ನ ಹೆಸರು, ಅದು ತಪ್ಪಾದ ದಿನ ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ.

ಡಿಸೆಂಬರಿನಲ್ಲಿ ಕೋಣೆ ಉಗ್ರಾಣವಾಯಿತು. ಕಾವುಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ, ಪ್ಯಾಸೆಂಜರ್ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂಗಾರಪೇಟೆಗೆ ತಂದೆವು. ರೈಲುದಾರಿಯಿಂದ ದೂರವಿದ್ದ ನಮ್ಮ ಮನೆಯ ಹಿತ್ತಲ ಕೋಣೆಯನ್ನು ನಾನು ಅವರಿಗೆ ಬಿಟ್ಟುಕೊಟ್ಟೆ. ಕಾಲೇಜಿನ ಪಾಠ ಮುಗಿಸಿ ಅವರು ದಿನವೂ ಬರುತ್ತಿದ್ದರು. ಬಂದವರು ಮೊದಲು ಮಾಡುತ್ತಿದ್ದ ಕೆಲಸ, ಲೋಟದ ಅಂಚಿನವರೆಗೆ ನೀರು ತುಂಬಿ ಮೇಜಿನ ಮೇಲಿಟ್ಟು, ಅದು ನಿಲ್ಲುವವರೆಗೆ ಕಾಯುವುದು. ಅವರ ಶಿಷ್ಯರಾದವರೆಲ್ಲ ಈ ಪದ್ಧತಿಯನ್ನು ಬಲ್ಲರು; ಕಾರಣವನ್ನು ಮಾತ್ರ ಇಲ್ಲಿ ಮೊದಲ ಬಾರಿಗೆ ಬರೆಯುತ್ತಿದ್ದೇನೆ.

ಹದಿನಾಲ್ಕು ತಿಂಗಳು ಸ್ನಾಯು ಅಲುಗಲಿಲ್ಲ. ೧೯೬೪ರ ಫೆಬ್ರವರಿಯ ಒಂದು ಭಾನುವಾರ, ಮಧ್ಯಾಹ್ನ, ಅವರು ಸಣ್ಣ ತಂತಿಯಿಂದ ಬೆನ್ನುಹುರಿಯ ಚೂರಿಗೆ ವಿದ್ಯುತ್ತಿನ ಚಿಟಿಕೆಯೊಂದನ್ನು ಕೊಟ್ಟರು. ಆಚೆ ದಡದಲ್ಲಿ ಸ್ನಾಯು ಸೆಳೆದುಕೊಂಡಿತು. ಆಪರೇಷನ್ನಿನಲ್ಲಿ ಮೈ ಸಡಿಲಿಸಲು ಕೊಡುವ, ನರದ ಅಪ್ಪಣೆ ಸ್ನಾಯುವಿಗೆ ಮುಟ್ಟದಂತೆ ತಡೆಯುವ ಔಷಧಿಯನ್ನು ಒಂದು ಹನಿ ಬಿಟ್ಟರು. ನಿಂತಿತು. ಔಷಧಿಯನ್ನು ತೊಳೆದು ಕಾದರು. ಮತ್ತೆ ಸೆಳೆಯಿತು. ಲೋಟದ ನೀರು ಕನ್ನಡಿಯಂತಿತ್ತು. ಮುಂದಿನ ವರ್ಷದ ಪ್ರಬಂಧದಲ್ಲಿ ನನ್ನ ಹೆಸರು ಮತ್ತೆ ಮೊದಲಿತ್ತು. ಕೊನೆಯಲ್ಲಿ "ನೀರನ್ನು ಗಮನಿಸಿದ ಶ್ರೀಮತಿ ಆದಿಲಕ್ಷ್ಮಮ್ಮನವರಿಗೆ" ಕೃತಜ್ಞತೆಯಿತ್ತು.

ಈಗ ನಿವೃತ್ತರಾಗುತ್ತಿರುವ ಅವರನ್ನು ಕಾಲೇಜು ಕಳುಹಿಸಿಕೊಡುತ್ತಿದೆ. ಆ ಕೈಗಳು ನಡುಗದಿರಲಿ, ಆ ಕಣ್ಣು ಇನ್ನೂ ಬಹುಕಾಲ ಎಳೆಯ ತುದಿಯನ್ನು ಹಿಂಬಾಲಿಸಲಿ, ದೀರ್ಘಾಯುಷ್ಯ ಅವರದಾಗಲಿ ಎಂದು ಹಾರೈಸುತ್ತೇನೆ. ಹಿತ್ತಲ ಕೋಣೆಯ ಬೀಗದಕೈ ಅವರಲ್ಲಿಯೇ ಇರಲಿ, ನಾನು ಕೇಳುವುದಿಲ್ಲ.

ಸ್ನಾಯು ಸೆಳೆದ ಆ ಭಾನುವಾರದ ಒಂದು ಮಾತು ಹೇಳುವುದು ಉಳಿಯಿತು. ಮೊಟ್ಟೆ ತಂದಿದ್ದ ಆದಿಲಕ್ಷ್ಮಮ್ಮನನ್ನು ಕೋದಂಡಪ್ಪನವರೇ ಕರೆದು ನನ್ನ ಗಿಡ್ಡ ಸ್ಟೂಲಿನ ಮೇಲೆ ಕೂರಿಸಿದರು. ಅವಳು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

"ಲೋಟ ನೋಡಿದ್ರಾ ಸಾಮಿ?"

"ನೋಡಿದೆ ತಾಯಿ. ನಿಂತಿದೆ."

"ಅಂಗಾದ್ರೆ ಇದು ನೆಲ ಅಲ್ಲ, ಅದೇ ಆಡ್ತಾ ಐತೆ."

ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಬೆಳಗಿನಿಂದ ಅವರ ಹೊಟ್ಟೆಗೆ ಏನೂ ಬಿದ್ದಿಲ್ಲವೆಂಬುದು ನನಗೂ ಹೊಳೆದಿರಲಿಲ್ಲ. ಅವಳು ಅವರ ಮುಖವನ್ನೊಮ್ಮೆ ನೋಡಿ, ಮೊಟ್ಟೆಯ ಬುಟ್ಟಿಯ ಹೊಟ್ಟಿನೊಳಗೆ ಬೆಚ್ಚಗಿಟ್ಟಿದ್ದ ತನ್ನ ಬುತ್ತಿಯನ್ನು ಬಿಚ್ಚಿದಳು; ಮುದ್ದೆಯನ್ನೂ ಹುರುಳಿಕಾಳಿನ ಸಾರನ್ನೂ ಲೋಟದ ಪಕ್ಕಕ್ಕೆ, ನೀರು ಕದಲದ ಹಾಗೆ, ಸರಿಸಿದಳು.